ಅಮಾವಾಸ್ಯೆಯೂ ಹಿರಿಯರ ಸ್ಮರಣೆಯೂ: ಶರಣಮಾರ್ಗದ ವಿಚಾರ

ತಿಂಗಳಿಗೊಮ್ಮೆ ಬರುವ ಅಮಾವಾಸ್ಯೆಯು ಭಕ್ತರ ಮನೆಗಳಲ್ಲಿ ಎರಡು ಬಗೆಯ ಭಾವಗಳನ್ನು ಹುಟ್ಟಿಸುತ್ತದೆ. ಒಂದು ಅಂಜಿಕೆ, ಇನ್ನೊಂದು ಹಿರಿಯರ ನೆನಪು. ಅಂದು ಪಯಣ ಹೊರಡಬಾರದು, ಹೊಸ ಕೆಲಸಕ್ಕೆ ತೊಡಗಬಾರದು, ಕತ್ತಲಾದ ಮೇಲೆ ಮಕ್ಕಳು ಹೊಸ್ತಿಲು ದಾಟಬಾರದು ಎಂಬ ಮಾತುಗಳು ಅಂಜಿಕೆಯ ಫಲ. ತೀರಿಹೋದ ತಂದೆತಾಯಿಗಳನ್ನು ನೆನೆಯಬೇಕು, ಅವರ ಹೆಸರಿನಲ್ಲಿ ನಾಲ್ವರಿಗೆ ಉಣಬಡಿಸಬೇಕು ಎಂಬುದು ನೆನಪಿನ ಫಲ. ಮೊದಲನೆಯದನ್ನು ಬಿಡುವುದೂ ಎರಡನೆಯದನ್ನು ಶುದ್ಧಗೊಳಿಸಿಕೊಳ್ಳುವುದೂ ಲಿಂಗವಂತ ಗೃಹಸ್ಥನ ಕರ್ತವ್ಯ. ಆದರೆ ಈ ವಿವೇಕವಿಲ್ಲದೆ ಕೆಲವರು ಎಲ್ಲವನ್ನೂ ಹಿಡಿದುಕೊಂಡಿರುತ್ತಾರೆ. ಕೆಲವರು ಎಲ್ಲವನ್ನೂ ಬಿಟ್ಟು ಹೆತ್ತವರ ಹೆಸರನ್ನೂ ಮರೆತಿರುತ್ತಾರೆ. ಇವೆರಡೂ ಶರಣಮಾರ್ಗವಲ್ಲ. ಆದುದರಿಂದ ಈ ವಿಷಯವನ್ನು ಮೊದಲಿನಿಂದ ವಿಚಾರಿಸುವುದು ಉಚಿತವಾಗಿದೆ.

೧. ಅಮಾವಾಸ್ಯೆ ಎಂಬ ಪದದ ಅರ್ಥ

ಸಂಸ್ಕೃತದಲ್ಲಿ 'ಅಮಾ' ಎಂದರೆ ಜೊತೆಯಲ್ಲಿ, ಒಡನೆ ಎಂದರ್ಥ. 'ವಸ್' ಎಂಬ ಧಾತುವಿಗೆ ವಾಸಿಸು ಎಂದರ್ಥ. ಸೂರ್ಯಚಂದ್ರರು ಒಂದೆಡೆ ವಾಸಿಸುವ ತಿಥಿಯೇ ಅಮಾವಾಸ್ಯೆ. ಚಂದ್ರನು ಸೂರ್ಯನಿಂದ ೧೨ ಅಂಶಗಳಷ್ಟು ದೂರ ಸರಿಯುವ ಕಾಲಕ್ಕೆ ಒಂದು ತಿಥಿಯೆಂದು ಹೆಸರು. ಹೀಗೆ ೩೦ ತಿಥಿಗಳಲ್ಲಿ ೩೬೦ ಅಂಶಗಳು ಪೂರ್ಣವಾಗಿ, ಸುಮಾರು ೨೯½ ದಿನಗಳಿಗೆ ಒಂದು ಚಾಂದ್ರಮಾಸವು ಮುಗಿಯುತ್ತದೆ. ಕನ್ನಡನಾಡಿನ ಪಂಚಾಂಗಗಳಲ್ಲಿ ಮಾಸವು ಅಮಾವಾಸ್ಯೆಗೆ ಮುಗಿಯುವುದರಿಂದ ಇದನ್ನು ಅಮಾಂತ ಗಣನೆಯೆನ್ನುತ್ತಾರೆ. ಉತ್ತರ ಹಿಂದುಸ್ಥಾನದ ಬಹುಭಾಗದಲ್ಲಿ ಮಾಸವು ಹುಣ್ಣಿಮೆಗೆ ಮುಗಿಯುತ್ತದೆ.

ಅಮಾವಾಸ್ಯೆಯಂದು ಚಂದ್ರನು ಭೂಮಿಗೂ ಸೂರ್ಯನಿಗೂ ನಡುವೆ ಬರುತ್ತಾನೆ. ಆಗಲೂ ಅವನ ಅರ್ಧಭಾಗವು ಎಂದಿನಂತೆ ಬೆಳಗುತ್ತಲೇ ಇರುತ್ತದೆ. ಬೆಳಗಿದ ಭಾಗವು ಸೂರ್ಯನ ಕಡೆಗಿದ್ದು, ಬೆಳಗದ ಭಾಗವು ಭೂಮಿಯ ಕಡೆಗಿರುತ್ತದೆ, ಅಷ್ಟೆ. ಸೂರ್ಯಗ್ರಹಣವು ಅಮಾವಾಸ್ಯೆಯಲ್ಲಿಯೇ ಸಂಭವಿಸುವುದಕ್ಕೆ ಕಾರಣವೂ ಈ ನಡುವಣ ಸ್ಥಾನವೇ. ಚಂದ್ರನ ಹಾದಿಯು ಸೂರ್ಯಮಾರ್ಗಕ್ಕೆ ಸುಮಾರು ೫ ಅಂಶ ಓರೆಯಾಗಿರುವುದರಿಂದ ಪ್ರತಿ ಅಮಾವಾಸ್ಯೆಗೂ ಗ್ರಹಣವಾಗುವುದಿಲ್ಲ. ಹೀಗೆ ಕಣ್ಣಿಗೆ ಕಾಣದಿರುವುದೇ ಬೇರೆ, ಇಲ್ಲವಾಗುವುದೇ ಬೇರೆ. ಕಾಣದುದನ್ನು ಅಳಿದುದೆಂದು ತಿಳಿದವರಿಗೆ ಅಮಾವಾಸ್ಯೆಯು ಅಂಜಿಕೆಯ ದಿನವಾಯಿತು.

ಶರಣರು ಕಾಲದ ಅಂಜಿಕೆಯನ್ನು ಒಪ್ಪಲಿಲ್ಲ. ಭಕ್ತರು ಕೇಳಿದ ಹೊತ್ತೇ ಒಳ್ಳೆಯ ಲಗ್ನವೆಂದು ತಿಳಿಯಬೇಕು, ಸತ್ಕಾರ್ಯವನ್ನು ಮುಂದಕ್ಕೆ ತಳ್ಳದೆ ಇಂದೇ ಮಾಡಬೇಕು ಎಂಬ ಭಾವದ ಬೋಧೆಯು ಬಸವಣ್ಣನವರ ವಚನದಲ್ಲಿದೆ. ಅಂಗದ ಮೇಲೆ ಲಿಂಗವಿದ್ದವನಿಗೆ ಕೆಟ್ಟ ತಿಥಿ ಯಾವುದು? ಕರಸ್ಥಲದಲ್ಲಿ ಶಿವನನ್ನು ಹಿಡಿದವನು ಚಂದ್ರನು ಕಾಣಲಿಲ್ಲವೆಂದು ಬೆದರುವುದು ತನ್ನ ಸ್ವಾಮಿಯಲ್ಲಿ ತನಗೇ ನಂಬುಗೆ ಸಾಲದೆಂದು ಒಪ್ಪಿಕೊಂಡಂತೆ. ಮಾಘಮಾಸದ ಬಹುಳ ಚತುರ್ದಶಿಯ ಮಹಾಶಿವರಾತ್ರಿಯು ಅಮಾವಾಸ್ಯೆಯ ಹಿಂದಿನ ತಿಥಿಯಲ್ಲಿಯೇ ಬರುತ್ತದೆ. ಚಂದ್ರನು ಬಹುತೇಕ ಮರೆಯಾದ ಆ ಇರುಳನ್ನೇ ಶಿವಭಕ್ತರು ಜಾಗರಣೆಯ ಇರುಳಾಗಿ ಆರಿಸಿಕೊಂಡಿರುವುದನ್ನು ಇಲ್ಲಿ ನೆನೆಯತಕ್ಕುದು.

೨. ಪಿತೃಋಣದ ವಿಚಾರ

ಮನುಷ್ಯನು ಹುಟ್ಟುವಾಗಲೇ ಋಷಿಋಣ, ದೇವಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತು ಬರುತ್ತಾನೆಂಬ ಭಾವನೆಯು ವೈದಿಕ ಪರಂಪರೆಯಲ್ಲಿ ಬಹು ಹಳೆಯದು. ಶ್ರದ್ಧೆಯಿಂದ ಮಾಡುವುದು ಶ್ರಾದ್ಧ, ತೃಪ್ತಿಪಡಿಸುವುದು ತರ್ಪಣ. ತೀರಿಹೋದವನು ಮೊದಲು ಪ್ರೇತನಾಗಿದ್ದು, ಸಪಿಂಡೀಕರಣವಾದ ಮೇಲೆ ಪಿತೃಗಳ ಸಾಲಿಗೆ ಸೇರುತ್ತಾನೆ. ಅವನಿಗೆ ಮಕ್ಕಳು ಎಳ್ಳುನೀರನ್ನೂ ಪಿಂಡವನ್ನೂ ಕೊಡಬೇಕು ಎಂಬುದು ಆ ಮತದ ಕ್ರಮ. ಪ್ರತಿ ಅಮಾವಾಸ್ಯೆಯೂ ಅದಕ್ಕೆ ತಕ್ಕ ದಿನವೆಂದೂ, ಭಾದ್ರಪದ ಬಹುಳದ ಕೊನೆಗೆ ಬರುವ ಮಹಾಲಯ ಅಮಾವಾಸ್ಯೆಯು ಅವುಗಳಲ್ಲಿ ಮುಖ್ಯವೆಂದೂ ಆ ಮತದವರು ಎಣಿಸುತ್ತಾರೆ. ಅವರವರ ನಂಬುಗೆಯಲ್ಲಿ ಅದಕ್ಕೆ ಅರ್ಥವಿದೆ, ಹಳಿಯಬೇಕಾದುದಿಲ್ಲ.

ಲಿಂಗವಂತನ ನಿಲವು ಬೇರೆ. ಗುರುವು ದೀಕ್ಷೆಯನ್ನಿತ್ತು ಕರಸ್ಥಲಕ್ಕೆ ಇಷ್ಟಲಿಂಗವನ್ನು ಕೊಟ್ಟಾಗಲೇ ಪೂರ್ವಾಶ್ರಯವು ಕಳೆದು ಭಕ್ತನಿಗೆ ಹೊಸ ಜನ್ಮವಾಗುತ್ತದೆ. ಅವನು ಗುರುಕರಜಾತನು. ಬದುಕಿರುವಾಗ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಸ್ಥಲಗಳಲ್ಲಿ ನಡೆದು ಕೊನೆಗೆ ಐಕ್ಯಸ್ಥಲವನ್ನು ಸೇರುವುದೇ ಅವನ ಗುರಿ. ಆದುದರಿಂದ ಅವನು ದೇಹ ಬಿಟ್ಟಾಗ ಸತ್ತನೆನ್ನದೆ ಲಿಂಗೈಕ್ಯನಾದನೆನ್ನುತ್ತಾರೆ. ವಿಭೂತಿ ಧರಿಸಿ, ಎಡದ ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ, ಕುಳ್ಳಿರಿಸಿ, ಬಿಲ್ವಪತ್ರೆಯೊಡನೆ ಸಮಾಧಿ ಮಾಡುತ್ತಾರೆ. ಜನನ, ಮರಣ ಮೊದಲಾದ ಪಂಚಸೂತಕಗಳನ್ನು ಶರಣರು ಅಲ್ಲಗಳೆದುದು ಈ ತತ್ತ್ವದಿಂದಲೇ. ಪ್ರೇತತ್ವವೇ ಇಲ್ಲದವನಿಗೆ ಪ್ರೇತತ್ವವನ್ನು ಕಳೆಯುವ ಕ್ರಿಯೆಯಿಂದ ಏನು ಪ್ರಯೋಜನ? ಲಿಂಗದಲ್ಲಿ ಬೆರೆತವನಿಗೆ ಹಸಿವೆಲ್ಲಿಯದು?

ಅಮಾವಾಸ್ಯೆಯ ಪದಾರ್ಥವನ್ನು ಇಲ್ಲಿ ಮತ್ತೆ ನೆನೆಯಬಹುದು. ಚಂದ್ರನು ಸೂರ್ಯನೊಡನೆ ವಾಸಿಸುವ ದಿನ ಕಾಣುವುದಿಲ್ಲ. ಲಿಂಗೈಕ್ಯನು ಲಿಂಗದೊಡನೆ ವಾಸಿಸುವುದರಿಂದ ಕಾಣುವುದಿಲ್ಲ. ಈ ಹೋಲಿಕೆಯು ಇಷ್ಟರಮಟ್ಟಿಗೆ ಮಾತ್ರ ಸಲ್ಲುತ್ತದೆ. ಚಂದ್ರನು ಮರುದಿನವೋ ಅದರ ಮರುದಿನವೋ ಮತ್ತೆ ಬಿದಿಗೆಯ ಗೆರೆಯಾಗಿ ಮೂಡುತ್ತಾನೆ. ಐಕ್ಯನಾದವನಿಗೆ ಮರಳಿ ಬರುವ ಭವವಿಲ್ಲ.

ಶಂಕೆ: ಹಾಗಾದರೆ ಲಿಂಗವಂತನಿಗೆ ಪಿತೃಋಣವೇ ಇಲ್ಲವೆಂದಾಯಿತೇ?

ಸಮಾಧಾನ: ಋಣವಿಲ್ಲವೆಂದು ಶರಣರು ಹೇಳಲಿಲ್ಲ. ಹೆತ್ತು, ಹೊತ್ತು, ಉಣಿಸಿ, ಓದಿಸಿ, ಗುರುವಿನ ಬಳಿಗೆ ಕರೆದೊಯ್ದು ಲಿಂಗಧಾರಣ ಮಾಡಿಸಿದವರ ಋಣವು ಸುಳ್ಳಾಗುವುದು ಹೇಗೆ? ಋಣವು ದಿಟವೇ, ತೀರಿಸುವ ಬಗೆ ಬೇರೆ. ಎಳ್ಳುನೀರಿನಿಂದಲ್ಲ, ನಡೆಯಿಂದ ತೀರಿಸಬೇಕು. ತೀರಿಹೋದವರಿಗೆ ಕೊಡುವುದರಿಂದಲ್ಲ, ಅವರು ಕೊಟ್ಟುದನ್ನು ಮುಂದಿನವರಿಗೆ ಮುಟ್ಟಿಸುವುದರಿಂದ ತೀರಿಸಬೇಕು.

೩. ಎಡೆಯ ವಿಚಾರ

ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಪಿತೃಪಕ್ಷದಲ್ಲಿ ಹಿರಿಯರ ಹಬ್ಬವೆಂದು ಹೊಸಬಟ್ಟೆಯನ್ನೂ ಅವರಿಗೆ ಪ್ರಿಯವಾದ ಅಡುಗೆಯನ್ನೂ ಇಟ್ಟು ಎಡೆಯಿಡುತ್ತಾರೆ. ನೆರೆಹೊರೆಯ ವಾಡಿಕೆಯಿಂದ ಇದು ಲಿಂಗವಂತರ ಮನೆಗಳಿಗೂ ಬಂದಿದೆ. ಇದರಲ್ಲಿರುವ ಪ್ರೀತಿಯು ನಿಜವಾದುದು. ಆದರೆ ಕ್ರಮವನ್ನು ವಿಚಾರಿಸಬೇಕು.

ಲಿಂಗಕ್ಕೆ ಅರ್ಪಿಸದುದು ಅನರ್ಪಿತ. ಅದು ಭಕ್ತನಿಗೆ ಸಲ್ಲದು. ಲಿಂಗಕ್ಕೆ ಅರ್ಪಿಸಿದುದು ಪ್ರಸಾದ. ಈಗ ಹಿರಿಯರಿಗೆಂದು ಎಡೆಯಿಟ್ಟ ಅನ್ನವು ಯಾವುದು? ಮೊದಲು ಹಿರಿಯರಿಗೆ ಇಟ್ಟು ಬಳಿಕ ಲಿಂಗಕ್ಕೆ ತೋರಿಸಿದರೆ ಶೇಷವನ್ನು ಸ್ವಾಮಿಗೆ ಕೊಟ್ಟಂತಾಯಿತು. ಮೊದಲು ಲಿಂಗಕ್ಕೆ ಅರ್ಪಿಸಿ ಬಳಿಕ ಹಿರಿಯರಿಗೆ ಇಟ್ಟರೆ, ಲಿಂಗದಲ್ಲಿಯೇ ಒಂದಾದವರನ್ನು ಲಿಂಗದಿಂದ ಬೇರ್ಪಡಿಸಿ ಮತ್ತೊಮ್ಮೆ ಬಡಿಸಿದಂತಾಯಿತು. ಲಿಂಗಕ್ಕೆ ಅರ್ಪಿಸದೆಯೇ ಇಟ್ಟರೆ ಆ ಅನ್ನವು ಮನೆಯವರು ಕೊಳ್ಳಲು ಯೋಗ್ಯವಾಗಲಿಲ್ಲ. ಹೀಗೆ ಮೂರು ಬಗೆಯಲ್ಲಿಯೂ ಅದು ತೊಡಕಿಗೆ ಈಡಾಗುತ್ತದೆ.

ತೊಡಕನ್ನು ಬಿಡಿಸುವ ದಾರಿಯು ಸುಲಭವಾಗಿದೆ. ಆ ದಿನ ಮಾಡಿದ ಅಡುಗೆಯೆಲ್ಲವನ್ನೂ, ಹಿರಿಯರಿಗೆ ಪ್ರಿಯವಾದುದನ್ನೂ ಕೂಡಿ, ಇಷ್ಟಲಿಂಗಕ್ಕೆ ಅರ್ಪಿಸಬೇಕು. ಲಿಂಗಕ್ಕೆ ಮುಟ್ಟಿದುದು ಲಿಂಗೈಕ್ಯರಿಗೂ ಮುಟ್ಟಿತೆಂದು ನಂಬಬೇಕು. ಬಳಿಕ ಅದು ಪ್ರಸಾದವಾಗಿ ಜಂಗಮಕ್ಕೂ ಹಸಿದವರಿಗೂ ಮನೆಯವರಿಗೂ ಸಲ್ಲಬೇಕು. ಹೀಗೆ ಮಾಡಿದರೆ ತಾಯಿಯ ಪ್ರೀತಿಯ ಹೋಳಿಗೆಯೂ ಉಳಿಯಿತು, ತತ್ತ್ವವೂ ಉಳಿಯಿತು.

೪. ಕಾಗೆಯ ಪಾಠ

ಶ್ರಾದ್ಧದ ದಿನ ಅನ್ನವನ್ನಿಟ್ಟು ಕಾಗೆಯು ಮುಟ್ಟುವುದನ್ನು ಕಾದು ನಿಲ್ಲುವವರುಂಟು. ಕಾಗೆ ಬಾರದಿದ್ದರೆ ಹಿರಿಯರಿಗೆ ಕೋಪ ಬಂದಿದೆಯೆಂದು ಮನೆಯವರೆಲ್ಲ ಕಳವಳಗೊಳ್ಳುತ್ತಾರೆ. ಬಸವಣ್ಣನವರೂ ಕಾಗೆಯನ್ನು ನೆನೆದಿದ್ದಾರೆ; ಆದರೆ ಬೇರೊಂದು ಕಾರಣಕ್ಕಾಗಿ. ಒಂದೇ ಅಗುಳು ಸಿಕ್ಕರೂ ತನ್ನ ಬಳಗವನ್ನು ಕೂಗಿ ಕರೆಯುವ ಅದರ ಗುಣವನ್ನು ಮುಂದಿಟ್ಟು, ಆ ಗುಣವು ಭಕ್ತನಲ್ಲಿ ಇಲ್ಲದಿದ್ದರೆ ಅವನು ಹಕ್ಕಿಗಿಂತ ಕೀಳಾದನೆಂದು ಅವರು ಎಚ್ಚರಿಸುತ್ತಾರೆ. ಕಾಗೆಯು ಹಿರಿಯರ ರೂಪವೆಂದು ಕಾಯುವವನಿಗೆ ಕಾಗೆಯಿಂದ ಸಿಗುವುದು ಶಕುನ ಮಾತ್ರ. ಕಾಗೆಯು ಹಂಚಿ ತಿನ್ನುವುದನ್ನು ನೋಡಿದವನಿಗೆ ಸಿಗುವುದು ಪಾಠ.

ಇನ್ನೊಂದೆಡೆಯಲ್ಲಿ ಅವರು ಕಲ್ಲಿನ ನಾಗನಿಗೆ ಹಾಲೆರೆದು ನಿಜವಾದ ನಾಗನನ್ನು ಕೊಲ್ಲಹೋಗುವವರನ್ನೂ, ಉಣ್ಣಬಲ್ಲ ಜಂಗಮವು ಬಾಗಿಲಿಗೆ ಬಂದರೆ ಮುಂದೆ ಹೋಗೆನ್ನುವವರನ್ನೂ ಖಂಡಿಸಿದ್ದಾರೆ. ಉಣಲಾರದವರಿಗೆ ಬಡಿಸಿ ಉಣಬಲ್ಲವರನ್ನು ಕಳುಹಿಸುವುದೇ ಅಲ್ಲಿ ತೋರಿಸಿರುವ ದೋಷ. ಹಿರಿಯರ ಎಡೆಗೂ ಈ ನ್ಯಾಯವು ಅಷ್ಟೇ ಸಲ್ಲುತ್ತದೆ.

ಬಯಲುಸೀಮೆಯ ಒಕ್ಕಲು ಮಕ್ಕಳು ಈ ಪಾಠವನ್ನು ತಮ್ಮದೇ ಬಗೆಯಲ್ಲಿ ಉಳಿಸಿಕೊಂಡು ಬಂದಿದ್ದಾರೆ. ಕಲ್ಯಾಣ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಸಜ್ಜೆರೊಟ್ಟಿ, ಕಡುಬು, ಪಲ್ಯ, ಅಂಬಲಿಗಳ ಚರಗವನ್ನು ಪೈರಿನ ನಡುವೆ ಚೆಲ್ಲುತ್ತಾರೆ. ನೆಂಟರನ್ನೂ ಗೆಳೆಯರನ್ನೂ ಹೊಲಕ್ಕೆ ಕರೆದು ಉಣಿಸುತ್ತಾರೆ. ತಾತ ಮುತ್ತಾತಂದಿರು ಉತ್ತ ಅದೇ ಮಣ್ಣಿನ ಮೇಲೆ ಕುಳಿತು ಅದೇ ಮಣ್ಣಿನ ಬೆಳೆಯನ್ನು ಹಂಚಿ ಉಣ್ಣುವುದಕ್ಕಿಂತ ಹಿರಿದಾದ ಸ್ಮರಣೆ ಯಾವುದು? ಜ್ಯೇಷ್ಠಮಾಸದ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜಿಸುವುದೂ, ಹೊಲದಲ್ಲಿ ಒಡನೆ ದುಡಿದ ಜೀವವನ್ನು ಮರೆಯಬಾರದೆಂಬ ಭಾವದಿಂದಲೇ.

೫. ಒಂದು ದೃಷ್ಟಾಂತ

ಒಬ್ಬ ಗೃಹಸ್ಥನು ಮಹಾಲಯ ಅಮಾವಾಸ್ಯೆಯಂದು ತನ್ನ ತಂದೆಯ ಹೆಸರಿನಲ್ಲಿ ದೊಡ್ಡ ಸಂತರ್ಪಣೆಯನ್ನು ಮಾಡಿದನು. ಅದಕ್ಕಾಗಿ ಸಾಲವನ್ನೂ ಮಾಡಿದ್ದನು. ತಂದೆಯ ಭಾವಚಿತ್ರದ ಮುಂದೆ ಹನ್ನೊಂದು ಬಗೆಯ ಅಡುಗೆಯನ್ನು ಇಡಿಸಿದನು. ಊರಿನ ಮಠದ ಜಂಗಮರು ಪ್ರಸಾದಕ್ಕೆ ಬಂದವರು ಅಡುಗೆಯನ್ನು ನೋಡಿ ಕೇಳಿದರು:

"ಇವೆಲ್ಲ ಹಿರಿಯರಿಗೆ ಪ್ರಿಯವಾಗಿದ್ದುವೆಂದು ನಿನಗೆ ಹೇಗೆ ತಿಳಿಯಿತಪ್ಪಾ?"

"ಅವ್ವ ಹೇಳಿದಳು, ಸ್ವಾಮೀ."

"ಅವ್ವನಿಗೆ ಏನು ಪ್ರಿಯ?"

ಗೃಹಸ್ಥನು ಸುಮ್ಮನಾದನು. ಅವನಿಗೆ ತಿಳಿದಿರಲಿಲ್ಲ. ಜಂಗಮರು ಒಳಗೆ ನೋಡಿದರು. ಆ ತಾಯಿ ಅಡುಗೆಮನೆಯ ಹಿಂದಿನ ಜಗಲಿಯ ಮೇಲೆ ಕುಳಿತಿದ್ದಳು. ಬೆಳಗಿನಿಂದ ಒಲೆಯ ಮುಂದೆ ಇದ್ದಳು. ದೀಪ ಹಚ್ಚುವಾಗ ಮಾತ್ರ ಯಾರೋ ಅವಳನ್ನು ಹಿಂದಕ್ಕೆ ಸರಿಯೆಂದಿದ್ದರು. ಬಂದವರೆಲ್ಲರ ಊಟವಾದ ಮೇಲೆ ಅವಳ ಸರದಿ. ಕಾರಣವೇನೆಂದರೆ ಅವಳು ಗಂಡನನ್ನು ಕಳೆದುಕೊಂಡವಳು.

ಜಂಗಮರು ಪೀಠದ ಮೇಲೆ ಕುಳ್ಳಿರಲಿಲ್ಲ. "ಆ ತಾಯಿಯ ಕೊರಳಲ್ಲಿ ಇಷ್ಟಲಿಂಗವಿದೆಯೋ ಇಲ್ಲವೋ?" ಎಂದು ಕೇಳಿದರು. ಇದೆಯೆಂದು ಗೃಹಸ್ಥನು ಹೇಳಿದನು. "ಲಿಂಗವಿರುವಲ್ಲಿ ಅಮಂಗಳವು ಎಲ್ಲಿಂದ ಬಂತು? ಮೊದಲು ಅವಳು ದೀಪ ಹಚ್ಚಲಿ, ಮೊದಲ ಪಂಕ್ತಿಯಲ್ಲಿ ಕುಳಿತುಕೊಳ್ಳಲಿ. ಆಮೇಲೆ ನನಗೆ ನೀಡು" ಎಂದರು. ತಾಯಿಯು ಬಂದು ನಡುಗುವ ಕೈಯಿಂದ ದೀಪವನ್ನು ಹಚ್ಚಿದಳು. ಹಲ್ಲಿಲ್ಲದ ಅವಳು ಉಣಬಲ್ಲುದು ಹಾಲನ್ನವೊಂದೇ ಆಗಿತ್ತು. ಅದನ್ನು ಯಾರೂ ಮಾಡಿರಲಿಲ್ಲ. ಗೃಹಸ್ಥನ ಹೆಂಡತಿಯು ಒಳಗೆ ಹೋಗಿ ಹಾಲು ಕಾಯಿಸಿ ತಂದಳು.

ಈ ದೃಷ್ಟಾಂತದಿಂದ ಮೂರು ಮಾತುಗಳನ್ನು ಅರಿತುಕೊಳ್ಳತಕ್ಕುದು. ಇದ್ದವರನ್ನು ಮರೆತು ಇಲ್ಲದವರನ್ನು ನೆನೆಯುವುದು ಸ್ಮರಣೆಯಲ್ಲ. ದೀಕ್ಷೆಯು ಗಂಡುಹೆಣ್ಣೆಂಬ ಭೇದವಿಲ್ಲದೆ ದೊರೆಯುವುದಾದ್ದರಿಂದ ಗಂಡನ ಮರಣವು ಹೆಣ್ಣಿನ ಲಿಂಗಾಧಿಕಾರವನ್ನು ಕಳೆಯಲಾರದು. ಸಾಲ ಮಾಡಿ ನಡೆಸಿದ ಸಂತರ್ಪಣೆಯು ದಾಸೋಹವಾಗಲಾರದು, ಏಕೆಂದರೆ ದಾಸೋಹವು ಕಾಯಕದಿಂದ ಹುಟ್ಟಬೇಕು. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ ದಿನ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಅವರನ್ನು ಹಿಂದಕ್ಕೆ ಕಳುಹಿಸಿದ ಕಥೆಯು ಪ್ರಸಿದ್ಧವಾಗಿದೆ. ದಾಸೋಹಕ್ಕೆಂದು ತಂದ ಅಕ್ಕಿಯಲ್ಲಿಯೇ ಆ ಶರಣೆಯು ಮಿತಿಯನ್ನು ಕಂಡಳು. ಬಡ್ಡಿಗೆ ತಂದ ಹಣದಿಂದ ಮಾಡಿದ ಹೋಳಿಗೆಯನ್ನು ಆಕೆಯು ಒಪ್ಪುತ್ತಿದ್ದಳೇ?

೬. ಹಿರಿಯರು ಉಳಿಸಿಹೋದ ಋಣ

ಶಂಕೆ: ಎಲ್ಲ ಹಿರಿಯರೂ ಕಲ್ಯಾಣದ ಶರಣರಂತೆ ಬಾಳಿದವರಲ್ಲ. ಕೋಪದಿಂದ, ದುರಾಸೆಯಿಂದ, ವ್ಯಸನದಿಂದ ಮನೆಯನ್ನು ನೋಯಿಸಿ ಹೋದವರೂ ಇದ್ದಾರೆ. ಅವರನ್ನೂ ಲಿಂಗೈಕ್ಯರೆಂದು ನೆನೆಯಬೇಕೇ?

ಸಮಾಧಾನ: ಐಕ್ಯವನ್ನು ಅಳೆಯುವ ಅಧಿಕಾರವು ಮಕ್ಕಳಿಗಿಲ್ಲ, ಅದು ಶಿವನಿಗೆ ಬಿಟ್ಟುದು. ಆದರೆ ಅವರ ತಪ್ಪನ್ನು ಗುಣವೆಂದು ಹೊಗಳಬೇಕಾಗಿಯೂ ಇಲ್ಲ. ಅಂತಹ ಹಿರಿಯರಿಗೆ ಮಕ್ಕಳು ಸಲ್ಲಿಸಬಹುದಾದ ನಿಜವಾದ ಸೇವೆಯೆಂದರೆ ಅವರು ಮುರಿದುದನ್ನು ಕಟ್ಟುವುದು. ತಂದೆಯು ಕೈಗಡ ತಂದು ತೀರಿಸದೆ ಹೋಗಿದ್ದರೆ, ಪತ್ರವಿಲ್ಲದಿದ್ದರೂ ಮನಸ್ಸಾಕ್ಷಿಯಿದ್ದಲ್ಲಿ ಅದನ್ನು ತೀರಿಸಬೇಕು. ತಂದೆಯು ಅಣ್ಣತಮ್ಮಂದಿರೊಡನೆ ಬದುವಿನ ಜಗಳದಿಂದ ಮಾತು ಬಿಟ್ಟಿದ್ದರೆ, ಮಗನು ಹೋಗಿ ಚಿಕ್ಕಪ್ಪನ ಕಾಲು ಮುಟ್ಟಿ ಮಾತಾಡಿಸಬೇಕು. ಮನೆಯ ಹೆಣ್ಣುಮಕ್ಕಳ ಪಾಲನ್ನು ಮುಚ್ಚಿಟ್ಟಿದ್ದರೆ ಅದನ್ನು ಅವರಿಗೆ ಒಪ್ಪಿಸಬೇಕು. ೨೦೦೫ರ ತಿದ್ದುಪಡಿಯ ಮೂಲಕ ಹಿಂದೂ ಉತ್ತರಾಧಿಕಾರ ಕಾಯಿದೆಯು ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಿಗೆ ಸಮನಾದ ಹಕ್ಕನ್ನು ಕೊಟ್ಟಿದೆ. ಹಿರಿಯರ ಆಸ್ತಿಯನ್ನು ಉಂಡು, ಅವರ ಮಗಳಿಗೆ ವರ್ಷಕ್ಕೊಂದು ಸೀರೆ ಕೊಟ್ಟು ಕಳುಹಿಸಿ, ಅವರ ಚಿತ್ರಕ್ಕೆ ಹೂಮಾಲೆ ಹಾಕುವುದು ಎಂತಹ ಸ್ಮರಣೆಯಾದೀತು? ಶರಣರು ಬಯಸಿದುದು ನುಡಿಯೂ ನಡೆಯೂ ಒಂದಾದ ಬಾಳು. ಆಸ್ತಿಯ ಕಾಗದದಲ್ಲಿಯೂ ಆ ನಡೆಯು ಕಾಣಬೇಕು.

ಹಿರಿಯರು ಆಸ್ತಿಯನ್ನಲ್ಲದೆ ನುಡಿಯನ್ನೂ ಬಿಟ್ಟುಹೋಗುತ್ತಾರೆ. ಹಿಂದೆ ಅನೇಕ ಮನೆಗಳಲ್ಲಿಯೂ ಮಠಗಳಲ್ಲಿಯೂ ವಚನಗಳ ಓಲೆಗರಿಯ ಕಟ್ಟುಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಉಳಿದಿದ್ದುವು. ಫ. ಗು. ಹಳಕಟ್ಟಿಯವರು (೧೮೮೦-೧೯೬೪) ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ಇಂತಹ ಕಟ್ಟುಗಳನ್ನು ಹುಡುಕಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಗರಿಗೆ ವಿಭೂತಿ ಹಚ್ಚಿ ಮುಗಿಸದೆ ಗರಿಯನ್ನು ಬಿಚ್ಚಿ ಓದಿದುದೇ ಅವರು ಪೂರ್ವಿಕರಿಗೆ ಸಲ್ಲಿಸಿದ ಗೌರವ.

ಹಿರಿಯರ ಅನ್ನದ ಋಣವನ್ನು ಹೇಗೆ ಮುಂದುವರಿಸಬೇಕೆಂಬುದಕ್ಕೆ ತುಮಕೂರಿನ ಸಿದ್ಧಗಂಗಾಮಠವು ಕಣ್ಣಮುಂದಿನ ನಿದರ್ಶನ. ೨೦೧೯ರ ಜನವರಿ ೨೧ರಂದು ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಪುಣ್ಯಸ್ಮರಣೆಯನ್ನು ಅಲ್ಲಿ ದಾಸೋಹದಿಂದ ಆಚರಿಸುತ್ತಾರೆ. ಅದಕ್ಕಿಂತ ಹೆಚ್ಚಿನ ಸ್ಮರಣೆಯು ಉಳಿದ ದಿನಗಳಲ್ಲಿ ನಡೆಯುತ್ತದೆ: ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದುತ್ತಾರೆ.

೭. ಆಚರಣೆಯ ಕ್ರಮ

ಅಮಾವಾಸ್ಯೆಯಂದಾಗಲಿ, ಹಿರಿಯರು ಲಿಂಗೈಕ್ಯರಾದ ದಿನವಾಗಲಿ, ಗೃಹಸ್ಥರು ಈ ಕ್ರಮವನ್ನು ಅನುಸರಿಸಬಹುದು. ಬೆಳಿಗ್ಗೆ ಮಿಂದು, ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ಇಷ್ಟಲಿಂಗಪೂಜೆಯನ್ನು ಮಾಡಬೇಕು, ಪಂಚಾಕ್ಷರಿಯನ್ನು ಜಪಿಸಬೇಕು. ಬಳಿಕ ಮನೆಯ ಹಿರಿಯರೊಬ್ಬರು ಮೂರು ನಾಲ್ಕು ತಲೆಮಾರಿನವರ ಹೆಸರುಗಳನ್ನು ಗಂಡುಹೆಣ್ಣೆನ್ನದೆ ಹೇಳಬೇಕು. ಎಷ್ಟೋ ಮನೆಗಳಲ್ಲಿ ಮುತ್ತಾತನ ಹೆಸರು ಗೊತ್ತಿರುತ್ತದೆ, ಮುತ್ತಜ್ಜಿಯ ಹೆಸರು ಗೊತ್ತಿರುವುದಿಲ್ಲ. ಅದನ್ನು ಕೇಳಿ ಬರೆದಿಡಬೇಕು. ಒಬ್ಬೊಬ್ಬರ ಒಂದೊಂದು ಸದ್ಗುಣವನ್ನು ಮಕ್ಕಳಿಗೆ ತಿಳಿಸಬೇಕು. ಒಂದು ವಚನವನ್ನು ಓದಿ ಅರ್ಥವನ್ನು ವಿಚಾರಿಸಬೇಕು. ಅಡುಗೆಯನ್ನು ಲಿಂಗಕ್ಕೆ ಅರ್ಪಿಸಿ, ಶಕ್ತ್ಯನುಸಾರ ಜಂಗಮರಿಗೂ ಹಸಿದವರಿಗೂ ನೀಡಿ, ಪ್ರಸಾದವನ್ನು ಕೊಳ್ಳಬೇಕು. ಒಬ್ಬರಿಗೆ ನೀಡುವಷ್ಟೇ ಇದ್ದರೆ ಒಬ್ಬರಿಗೇ ನೀಡಬೇಕು, ಅದರಿಂದ ಕೊರತೆಯಿಲ್ಲ.

ಬೇರೆ ಊರುಗಳಲ್ಲಿಯೂ ಹೊರದೇಶಗಳಲ್ಲಿಯೂ ಕೆಲಸದಲ್ಲಿರುವ ಮಕ್ಕಳು ತಿಥಿಗೆ ಸರಿಯಾಗಿ ಬರಲಾರದಿದ್ದರೆ, ಎಲ್ಲರೂ ಕೂಡಬಲ್ಲ ಇನ್ನೊಂದು ದಿನ ಇದನ್ನು ಆಚರಿಸಿದರೆ ದೋಷವಿಲ್ಲ. ತಿಥಿಯು ತಪ್ಪಿತೆಂದು ಹಿರಿಯರು ಶಪಿಸುವುದಿಲ್ಲ. ಲಿಂಗದಲ್ಲಿರುವವರಿಗೆ ಶಪಿಸುವ ಕೋಪವಿಲ್ಲ.

ಇಷ್ಟೆಲ್ಲವಾದ ಮೇಲೆ ಗೃಹಸ್ಥನು ತನ್ನನ್ನು ತಾನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹಿರಿಯರು ತೀರಿಸದೆ ಹೋದ ಯಾವ ಋಣವು ಇನ್ನೂ ಉಳಿದಿದೆ? ಅದು ಹಣವಿರಬಹುದು, ಮಾತಿರಬಹುದು, ಮುನಿಸಿರಬಹುದು. ಮುಂದಿನ ಅಮಾವಾಸ್ಯೆಯೊಳಗಾಗಿ ಅದರಲ್ಲಿ ಒಂದನ್ನಾದರೂ ತೀರಿಸುವೆನೆಂದು ಲಿಂಗದ ಮುಂದೆ ಸಂಕಲ್ಪ ಮಾಡಬೇಕು. ಮನೆಯಲ್ಲಿ ವೃದ್ಧರಾದ ತಂದೆತಾಯಿಗಳು ಇನ್ನೂ ಇದ್ದರೆ ಸಂಕಲ್ಪಕ್ಕೂ ಮೊದಲು ಎದ್ದು ಅವರ ಬಳಿಗೆ ಹೋಗಬೇಕು. ಅವರಿಗೆ ಏನು ಪ್ರಿಯವೆಂದು ಇಂದೇ ಕೇಳಿ ತಿಳಿದುಕೊಳ್ಳಬೇಕು.

ಸರ್ವರಿಗೂ ಶಿವಮಸ್ತು.